ಹದಿನೈದು ಗೆರೆಯ ಹತ್ತು ರೂಪಾಯಿ

ಝಕರಿಯಾಕನ ಬಗ್ಗೆ ಯಾರಾದರೂ ನಾಲ್ಕು ಒಳ್ಳೆಯ ಮಾತು ಬರೆಯಬೇಕಿತ್ತು. ಅದು ನನ್ನ ತಲೆಗೇ ಬಂದದ್ದು ನನ್ನ ಗ್ರಹಚಾರ. ಜಿದ್ದಾದ ಶರಫಿಯಾದಲ್ಲಿ ನಾವಿಬ್ಬರೂ ಒಂದೇ ಸೂಪರ್ ಮಾರ್ಕೆಟಿನಲ್ಲಿ ಕೆಲಸ ಮಾಡುವುದು. ನಾನು ಒಳಗೆ, ಮೂರನೇ ನಂಬರಿನ ಕ್ಯಾಶ್ ಕೌಂಟರಿನಲ್ಲಿ, ಎಸಿಯ ಕೆಳಗೆ. ಅವರು ಹೊರಗೆ, ಟ್ರಾಲಿಗಳ ಜೊತೆ, ಬಿಸಿಲಿನಲ್ಲಿ. ಒಂಬತ್ತು ವರ್ಷದಿಂದ ಒಂದೇ ರೂಮು. ಒಬ್ಬ ಮನುಷ್ಯನನ್ನು ಇಷ್ಟು ಹತ್ತಿರದಿಂದ ನೋಡಿದ ಮೇಲೂ ಅವರನ್ನು ಇಷ್ಟಪಡುತ್ತೇನೆ ಅಂದರೆ, ಅವರ ಒಳ್ಳೆಯ ಗುಣಕ್ಕಿಂತ ನನ್ನ ತಾಳ್ಮೆಯೇ ದೊಡ್ಡದು ಎಂದು ತಿಳಿಯಬೇಕು.

ಊರು ಉಪ್ಪಿನಂಗಡಿಯ ಹತ್ತಿರ. ವಯಸ್ಸು ಐವತ್ತಾರು, ಇಕಾಮಾದಲ್ಲಿ, ಅಂದರೆ ಸೌದಿಯ ವಾಸದ ಪರವಾನಗಿಯಲ್ಲಿ, ಐವತ್ತನಾಲ್ಕು. ಗಡ್ಡ ಅರ್ಧ ಬಿಳಿ, ಹೊಟ್ಟೆ ಸ್ವಲ್ಪ ಮುಂದೆ, ಮೈಮೇಲೆ ಯಾವಾಗಲೂ ಕಿತ್ತಳೆ ಬಣ್ಣದ ಕೋಟು, ಅದರ ಕಿಸೆಯಲ್ಲಿ ಒಂದು ಸ್ಕ್ರೂಡ್ರೈವರ್. ಮಗಳು ಮೈಮೂನತ್‌ಗೆ ಸಂಬಂಧ ನೋಡುವಾಗ ಗಂಡಿನ ಕಡೆಯವರು ಕೆಲಸ ಏನು ಎಂದು ಕೇಳಿದ್ದಕ್ಕೆ ಇವರು "ವಾಹನ ವಿಭಾಗ, ಇನ್‌ಚಾರ್ಜ್" ಅಂದಿದ್ದರು. ಎಷ್ಟು ಗಾಡಿ ಎಂದು ಕೇಳಿದಾಗ "ಮುನ್ನೂರು. ಎಲ್ಲ ನಾಲ್ಕು ಚಕ್ರದ್ದೇ" ಅಂದರು. ಸುಳ್ಳು ಹೇಳುವ ಅಭ್ಯಾಸ ಅವರಿಗಿಲ್ಲ. ಟ್ರಾಲಿಗೆ ನಾಲ್ಕೇ ಚಕ್ರ.

ಆ ಟ್ರಾಲಿಗಳನ್ನು ಸರಪಳಿಯಿಂದ ಒಂದಕ್ಕೊಂದು ಬಿಗಿದಿರುತ್ತಾರೆ. ಹಿಡಿಯಲ್ಲಿರುವ ಸೀಳಿಗೆ ಒಂದು ರಿಯಾಲಿನ ನಾಣ್ಯ ತುರುಕಿದರೆ ಸರಪಳಿ ಬಿಡುತ್ತದೆ, ಟ್ರಾಲಿ ವಾಪಸ್ ತಂದು ಸಿಕ್ಕಿಸಿದರೆ ನಾಣ್ಯ ಹೊರಗೆ ಬರುತ್ತದೆ. ಸೌದಿಯಲ್ಲಿ ಒಂದು ರಿಯಾಲಿನ ನೋಟು ಹೋಗಿ ನಾಣ್ಯ ಬಂದು ಕೆಲವು ವರ್ಷವಾಯಿತು. ಎರಡು ಬಣ್ಣದ ನಾಣ್ಯ. ನಮ್ಮ ಊರಿನ ಹತ್ತು ರೂಪಾಯಿಯದ್ದೂ ಎರಡು ಬಣ್ಣದ್ದೇ, ಗಾತ್ರದಲ್ಲಿ ಮಾತ್ರ ಒಂದು ಚೂರು ದೊಡ್ಡದು. ಮಕ್ಕಾಕ್ಕೆ ಉಮ್ರಾ ಯಾತ್ರೆಗೆ ಬಂದ ನಮ್ಮವರು ಶರಫಿಯಾಕ್ಕೆ ಸಾಮಾನು ಕೊಳ್ಳಲು ಬರುತ್ತಾರೆ, ಕಿಸೆಯಲ್ಲಿ ಕೈಗೆ ಸಿಕ್ಕಿದ್ದನ್ನು ತುರುಕುತ್ತಾರೆ, ಒಳಗೆ ಹೋಗದಿದ್ದರೆ ಕೈಯಿಂದ ಗುದ್ದುತ್ತಾರೆ. ಹತ್ತು ರೂಪಾಯಿ ಅರ್ಧ ಒಳಗೆ, ಅರ್ಧ ಹೊರಗೆ ಸಿಕ್ಕಿಕೊಳ್ಳುತ್ತದೆ. ಆಗ ಬಾಗಿಲ ಹತ್ತಿರ ನಿಂತ ಸೆಕ್ಯೂರಿಟಿ ಇಕ್ರಾಮುಲ್ಲಾ "ಝಕರಿಯಾ ಭಾಯ್, ಯಲ್ಲಾ!" ಎಂದು ಕೂಗುತ್ತಾನೆ. ಝಕರಿಯಾಕ ಬಂದು ಸ್ಕ್ರೂಡ್ರೈವರಿನಿಂದ ನಾಣ್ಯ ಮೀಟಿ ತೆಗೆದು, ಅದನ್ನು ತಾನಿಟ್ಟುಕೊಂಡು, ತನ್ನ ಕಿಸೆಯಿಂದ ಒಂದು ರಿಯಾಲ್ ಕೊಡುತ್ತಾರೆ. ರಿಯಾಲಿಗೆ ಇಪ್ಪತ್ತು ರೂಪಾಯಿಗೂ ಮೇಲೆ. ಹತ್ತು ಇಟ್ಟುಕೊಂಡು ಇಪ್ಪತ್ತು ಕೊಡುವ ಈ ವ್ಯಾಪಾರ ಯಾಕೆ ಎಂದು ಕೇಳಿದರೆ ಅವರ ಮುಖ ಗಂಭೀರವಾಗುತ್ತದೆ. ಹೋದ ವರ್ಷದ ರಜೆಯಲ್ಲಿ ನಡೆದ ಅವಮಾನದ ಕತೆ ಶುರುವಾಗುತ್ತದೆ.

ನಾನು ಅದನ್ನು ನಲವತ್ತು ಸಲ ಕೇಳಿದ್ದೇನೆ. ನಿಮಗೆ ಚಿಕ್ಕದು ಮಾಡಿ ಹೇಳುತ್ತೇನೆ.

ಮಗಳ ಮದುವೆ ಆಗಿತ್ತು. ಬೀಗರು ಅಬ್ದುಲ್ ಹಕೀಮ್, ವಿಟ್ಲದಲ್ಲಿ ಜೀನಸು ಅಂಗಡಿ. ಅಂಗಡಿಯ ಗೋಡೆಗೆ ಒಂದು ಬೋರ್ಡು: "ಹತ್ತರ ನಾಣ್ಯ ಕೊಡಬೇಡಿ." ಝಕರಿಯಾಕ ಖರ್ಜೂರದ ಡಬ್ಬ ಹಿಡಿದುಕೊಂಡು ಮೊದಲ ಸಲ ಅಲ್ಲಿಗೆ ಹೋದರು. ಅಲ್ಲಿದ್ದ ಮಗುವಿಗೆಂದು ಒಂದು ಬಿಸ್ಕತ್ತಿನ ಪ್ಯಾಕೆಟ್ ತೆಗೆದುಕೊಂಡು ಹತ್ತು ರೂಪಾಯಿ ನಾಣ್ಯ ಮೇಜಿನ ಮೇಲಿಟ್ಟರು. ಬೀಗರಿಂದ ದುಡ್ಡು ತೆಗೆದುಕೊಳ್ಳುವುದುಂಟೇ, ಬೇಡ ಅಂದರು ಹಕೀಮಾಕ. ಕೊಟ್ಟೇ ಸಿದ್ಧ ಅಂದರು ಇವರು. ಹತ್ತು ನಿಮಿಷ ಹಾಗೆ ದಬ್ಬಾಡಿದ ಮೇಲೆ ಹಕೀಮಾಕ ನಾಣ್ಯ ಎತ್ತಿ, ಕನ್ನಡಕ ಮೇಲೆ ಸರಿಸಿ, ಹತ್ತು ಎಂಬ ಅಂಕಿಯ ಮೇಲಿನ ಸಣ್ಣ ಗೆರೆಗಳನ್ನು ಎಣಿಸಿದರು. ಗೆರೆ ಹದಿನೈದು! ಹತ್ತು ಗೆರೆ ಇದ್ದರೆ ಅಸಲಿ, ಹದಿನೈದು ಇದ್ದರೆ ನಕಲಿ, ಇದು ಡೂಪ್ಲಿಕೇಟು ಎಂದು ಗಿರಾಕಿಗಳ ಎದುರೇ ಹೇಳಿ ನಾಣ್ಯ ವಾಪಸ್ ಕೈಗಿಟ್ಟರು. ಎಲ್ಲರೂ ನಕ್ಕರು. ಇಪ್ಪತ್ತೆಂಟು ವರ್ಷ ಸೌದಿಯಲ್ಲಿ ದುಡಿದು ತಂದದ್ದು ಇದೇಯಾ ಎಂದು ಯಾರೋ ಹಿಂದಿನಿಂದ ಅಂದರು.

ಅಷ್ಟೇ ಆಗಿದ್ದರೆ ಮರೆಯಬಹುದಿತ್ತು. ಮರುವಾರ ಮೈಮೂನತ್‌ಳ ನಾದಿನಿ ತಮಾಷೆಗೆಂದು ಅವಳ ಬಳೆ ಮುಟ್ಟಿ, "ಇದರಲ್ಲಿ ಎಷ್ಟು ಗೆರೆ ಉಂಟು?" ಎಂದು ಕೇಳಿದಳಂತೆ. ಆ ಚಿನ್ನ ಝಕರಿಯಾಕ ಹನ್ನೊಂದು ವರ್ಷ ರಜೆಗೂ ಸರಿಯಾಗಿ ಹೋಗದೆ, ಶರಫಿಯಾದ ಅಂಗಡಿಯಲ್ಲಿ ಒಂದೊಂದೇ ಬಳೆ ಮಾಡಿಸಿ ತೆಗೆದದ್ದು. ಇವರು ಜಿದ್ದಾಕ್ಕೆ ವಾಪಸ್ ಬಂದ ಮೇಲೆ ಮಗಳು ಫೋನಿನಲ್ಲಿ ನಗುತ್ತಲೇ ಹೇಳಿದಳು. ಇವರೂ ನಗುತ್ತಲೇ ಕೇಳಿದರು. ಆಮೇಲೆ ಅರ್ಧ ಗಂಟೆ ಬಾತ್‌ರೂಮಿನಿಂದ ಹೊರಗೆ ಬರಲಿಲ್ಲ. ನನಗೆ ಸಿಟ್ಟು ಬಂತು, ನಾನು ಕೆಲಸಕ್ಕೆ ಹೋಗಬೇಕಿತ್ತು. ಬಾಗಿಲು ಬಡಿಯಲಿಕ್ಕೆ ಮಾತ್ರ ಕೈ ಏಳಲಿಲ್ಲ.

ಇಲ್ಲಿ ಸ್ವಲ್ಪ ನಾಣ್ಯದ ಪುರಾಣ ಹೇಳಬೇಕು. ನನಗೆ ಇಷ್ಟವಿಲ್ಲ. ಆದರೆ ನಾನು ಒಂದು ವರ್ಷ ಕೇಳಿದ್ದೇನೆ, ನೀವು ಒಂದು ಪ್ಯಾರಾ ಕೇಳಿ.

ಹತ್ತು ರೂಪಾಯಿಯ ನಾಣ್ಯ ಜನರ ಕೈಗೆ ಬಂದದ್ದು 2009ರಲ್ಲಿ. ಹೊರಗೆ ಹಳದಿ ಬಳೆ, ಒಳಗೆ ಬಿಳಿ ಬಿಲ್ಲೆ. ಆಗ ಬಂದದ್ದರಲ್ಲಿ ಒಂದಕ್ಕೆ ಹದಿನೈದು ಗೆರೆ. 2011ರಲ್ಲಿ ರೂಪಾಯಿಗೆ ಹೊಸ ಚಿಹ್ನೆ ಬಂದಾಗ ಗೆರೆ ಹತ್ತಕ್ಕೆ ಇಳಿಯಿತು. ಜೊತೆಗೆ ಒಂದೊಂದು ನೆನಪಿಗೆ ಒಂದೊಂದು ನಾಣ್ಯ. ವಿಜ್ಞಾನಿ ಭಾಭಾ ಹುಟ್ಟಿ ನೂರು ವರ್ಷವಾಯಿತೆಂದು ಒಂದು, ಪಾರ್ಲಿಮೆಂಟಿಗೆ ಅರವತ್ತಾಯಿತೆಂದು ಒಂದು, ವೈಷ್ಣೋದೇವಿಯದ್ದೊಂದು, ಯೋಗ ದಿನದ್ದೊಂದು, ಗಾಂಧೀಜಿ ಆಫ್ರಿಕಾದಿಂದ ವಾಪಸ್ ಬಂದದ್ದಕ್ಕೆ ಒಂದು. ಕಡೆಗೆ ತೆಂಗಿನ ನಾರಿನ ಮಂಡಳಿಗೆ ಅರವತ್ತು ತುಂಬಿತೆಂದು ಅದಕ್ಕೂ ಒಂದು! ಒಂದೇ ಬೆಲೆಗೆ ಇಷ್ಟು ಮುಖ ಕಂಡು ಜನ ಕಂಗಾಲಾದರು. ಇದರಲ್ಲಿ ಯಾವುದೋ ಒಂದು ಕಳ್ಳನೇ ಇರಬೇಕು ಅಂದುಕೊಂಡರು. ಹದಿನೈದು ಗೆರೆಯ ಪಾಪದ ನಾಣ್ಯ ಸಿಕ್ಕಿಬಿತ್ತು. ಹದಿನಾಲ್ಕು ವಿನ್ಯಾಸ ಉಂಟು, ಹದಿನಾಲ್ಕೂ ಸರಿ ಎಂದು 2018ರಲ್ಲಿ ರಿಸರ್ವ್ ಬ್ಯಾಂಕೇ ಪ್ರಕಟಣೆ ಕೊಟ್ಟಿತು. ವಾಟ್ಸಾಪ್ ಇರುವಾಗ ರಿಸರ್ವ್ ಬ್ಯಾಂಕನ್ನು ಯಾರು ಕೇಳುತ್ತಾರೆ. ಆಮೇಲೂ ಹೊಸ ವಿನ್ಯಾಸಗಳು ಬಂದಿವೆ. ಅದನ್ನು ನಾನು ಝಕರಿಯಾಕನಿಗೆ ಹೇಳಿಲ್ಲ. ನೀವೂ ಹೇಳಬೇಡಿ.

ಆ ಪ್ರಕಟಣೆಯ ಪ್ರಿಂಟು ತೆಗೆದು ಕಳಿಸಿದಾಗ ಹಕೀಮಾಕ, "ಕಾಗದದಲ್ಲಿ ಏನನ್ನೂ ಬರೆಯಬಹುದು" ಅಂದರಂತೆ. ಹಾಗಾಗಿ ಝಕರಿಯಾಕ ಹಠ ಹಿಡಿದರು. ಹದಿನಾಲ್ಕನ್ನೂ ಸೇರಿಸಿ, ಒಂದೊಂದಾಗಿ ಬೀಗರ ಕೈಗಿಟ್ಟು ತೋರಿಸಬೇಕು. ಮಗಳ ಬಳೆಯನ್ನು ಇನ್ನು ಯಾರೂ ಮುಟ್ಟಿ ನೋಡಬಾರದು.

ನಾಣ್ಯ ಇಡಲು ಡಬ್ಬ ಬೇಕಲ್ಲ. ಅವರಿಗೆ ಸಕ್ಕರೆ ಕಾಯಿಲೆ. ಮಾತ್ರೆ ಇಡುವ ಪ್ಲಾಸ್ಟಿಕ್ ಪೆಟ್ಟಿಗೆ ಇತ್ತು, ವಾರದ ಏಳು ದಿನ, ಬೆಳಿಗ್ಗೆ ರಾತ್ರಿ ಸೇರಿ ಹದಿನಾಲ್ಕು ಖಾನೆ. ಸೃಷ್ಟಿಸಿದವನೇ ಹೀಗೆ ಬರೆದಿಟ್ಟಿದ್ದಾನೆ ಎಂದು ಕುಣಿದಾಡಿಬಿಟ್ಟರು. ಮಾತ್ರೆಗಳು ಉಪ್ಪಿನಕಾಯಿಯ ಖಾಲಿ ಬಾಟಲಿಗೆ ಹೋದವು. ಭಾನುವಾರ ಬೆಳಿಗ್ಗೆಯ ಖಾನೆಯಲ್ಲಿ ಅವಮಾನ ತಂದ ಆ ಹದಿನೈದು ಗೆರೆಯ ನಾಣ್ಯ, ಅದೇ ನಾಣ್ಯ. ಸೋಮವಾರ ಬೆಳಿಗ್ಗೆ ಭಾಭಾ, ಸೋಮವಾರ ರಾತ್ರಿ ಪಾರ್ಲಿಮೆಂಟು. ಗುರುವಾರ ಬೆಳಿಗ್ಗೆ ಯೋಗ ದಿನ. "ಯೋಗ ಬೆಳಿಗ್ಗೆಯೇ ಮಾಡುದಲ್ವಾ ದೀಕ್ಷಿತಾ" ಎಂದು ನನ್ನನ್ನೇ ಕೇಳಿದರು, ದೀಕ್ಷಿತ ಅಂದರೆ ನಾನೇ. ಊರಿನಿಂದ ಬರುವವರೆಲ್ಲ ಚಟ್ಟಂಬಡೆ, ಒಣಮೀನು ತರುವ ಬದಲು ನಾಣ್ಯ ತರಬೇಕಾಯಿತು. ನನ್ನ ಅಮ್ಮ ಕಾಪುವಿನಿಂದ ಕಳಿಸಿದ ಹಪ್ಪಳದ ಕಟ್ಟಿನೊಳಗೂ ಇವರು ಹೇಳಿ ತರಿಸಿದ ಆರು ನಾಣ್ಯ ಸಿಕ್ಕಿತು, ಒಂದು ಹಪ್ಪಳದ ಜೊತೆ ನಾನು ಕಚ್ಚಿಯೂ ಬಿಟ್ಟೆ.

ಹೀಗೆ ಹದಿಮೂರಾಯಿತು. ಶನಿವಾರ ರಾತ್ರಿ ಮಾತ್ರ ಖಾಲಿ. ನಾರಿನ ಮಂಡಳಿಯದ್ದು ಎಲ್ಲಿಯೂ ಇಲ್ಲ. ಇಡೀ ಕರಾವಳಿ ನಾರಿನಲ್ಲೇ ಹಗ್ಗ ಹೊಸೆದು ಬದುಕಿದ್ದು, ನಮ್ಮದೇ ನಾಣ್ಯ ನಮಗೆ ಸಿಗುವುದಿಲ್ಲವಾ ಎಂದು ಅವರು ದಿನಾ ಬೊಬ್ಬೆ ಹಾಕುತ್ತಿದ್ದರು.

ಆಗ ಸುದ್ದಿ ಬಂತು. ಹಕೀಮಾಕ ಉಮ್ರಾಕ್ಕೆ ಬರುತ್ತಾರೆ, ಶುಕ್ರವಾರ ಒಂದು ಸಂಜೆ ಜಿದ್ದಾದಲ್ಲಿ ಬಿಡುವು ಉಂಟು, ಸೂರ್ಯ ಮುಳುಗಿದ ಮೇಲಿನ ಮಗ್ರಿಬ್ ನಮಾಜು ಕಳೆದು ಬೀಗರ ಜೊತೆ ಊಟ.

ಆ ಶುಕ್ರವಾರ ಝಕರಿಯಾಕ ಮಾತ್ರೆ ನುಂಗಲಿಲ್ಲ, ಊಟ ಮಾಡಲಿಲ್ಲ. ಪೆಟ್ಟಿಗೆಯನ್ನು ಕೋಟಿನ ಕಿಸೆಯಲ್ಲಿಟ್ಟುಕೊಂಡು ಅತ್ತಿತ್ತ ನಡೆದರು. ಹದಿಮೂರನ್ನೇ ತೋರಿಸಿ ಅಂದೆ. ಕಣ್ಣು ಕೆಂಪು ಮಾಡಿದರು.

"ಎಂತ ಮಾತು ಮಾರಾಯ? ಹದಿನಾಲ್ಕು ಉಂಟು ಅಂತ ಊರಿಡೀ ಹೇಳಿದವ ಹದಿಮೂರು ತೋರಿಸಿದ್ರೆ ಮತ್ತೆ ಡೂಪ್ಲಿಕೇಟೇ ಅಲ್ವಾ ನಾನು?"

ಖಾಲಿ ಖಾನೆಯಲ್ಲಿ ಒಂದು ರಿಯಾಲ್ ಇಟ್ಟುಬಿಡಿ, ಯಾರು ನೋಡುತ್ತಾರೆ ಎಂದು ಇಕ್ರಾಮುಲ್ಲಾ ಸಲಹೆ ಕೊಟ್ಟ. ಅವನ ಜೊತೆ ಎರಡು ಗಂಟೆ ಮಾತು ಬಿಟ್ಟರು.

ಅಸರ್ ನಮಾಜು ಮುಗಿದು ಅಂಗಡಿ ತುಂಬುವ ಹೊತ್ತು. ನಾನು ಚಹಾಕ್ಕೆಂದು ಹೊರಗೆ ಬಂದಿದ್ದೆ. ಇಕ್ರಾಮುಲ್ಲಾ ಕೂಗಿದ. ಟ್ರಾಲಿಯ ಸಾಲಿನ ತುದಿಯಲ್ಲಿ ಬಿಳಿ ಜುಬ್ಬಾ, ಬಿಳಿ ಟೊಪ್ಪಿ, ಆಗಷ್ಟೇ ಬೋಳಿಸಿದ ತಲೆಯ ಹಿರಿಯರೊಬ್ಬರು ಟ್ರಾಲಿಯ ಹಿಡಿಗೆ ಚಪ್ಪಲಿಯಿಂದ ಬಡಿಯುತ್ತಿದ್ದರು. ಝಕರಿಯಾಕ ಸ್ಕ್ರೂಡ್ರೈವರ್ ಹಿಡಿದು ಓಡಿದವರು ನಡುವೆಯೇ ನಿಂತರು.

"ದೀಕ್ಷಿತಾ," ಅಂದರು, "ಅದು ಹಕೀಮಾಕ."

ಕಿತ್ತಳೆ ಕೋಟು ಬಿಚ್ಚಲು ಸಮಯವಿರಲಿಲ್ಲ. ಹೋಗಿ ಸಲಾಂ ಹೇಳಿದರು. ಅವರಿಬ್ಬರು ಮಾತಾಡಿದ್ದು ಬ್ಯಾರಿ ಭಾಷೆಯಲ್ಲಿ. ಒಂಬತ್ತು ವರ್ಷದಲ್ಲಿ ನನಗೆ ಅರ್ಥವಾಗದೆ ಉಳಿದದ್ದು ಕಡಿಮೆ, ಹಾಗಾಗಿ ಕನ್ನಡದಲ್ಲೇ ಹೇಳುತ್ತೇನೆ.

"ನೀವು ಮಗ್ರಿಬ್ ಕಳೆದು ಬರುದು ಅಂತ ಹೇಳಿದ್ದಲ್ವಾ ಹಕೀಮಾಕ?"

"ಬಸ್ಸಿನವ ಬೇಗ ಬಿಟ್ಟ. ಖರ್ಜೂರ ತೆಗೆಯುವ ಅಂತ ಬಂದೆ. ಈ ಗಾಡಿ ಬಿಡುದೇ ಇಲ್ಲ. ರಿಯಾಲ್ ಹಾಕಿದ್ದೇನೆ, ಒಳಗೂ ಹೋಗುದಿಲ್ಲ, ಹೊರಗೂ ಬರುದಿಲ್ಲ." ಆಮೇಲೆ ಟ್ರಾಲಿಯ ಉದ್ದ ಸಾಲನ್ನು ನೋಡಿದರು, ಕೋಟನ್ನು ನೋಡಿದರು. "ಇದೆಲ್ಲ ನಿಮ್ಮ ಕೈಕೆಳಗಾ?"

"ಹೌದು."

"ಮುನ್ನೂರು ಉಂಟಾ?"

"ಮುನ್ನೂರಹನ್ನೆರಡು. ಹೋದ ತಿಂಗಳು ಹೊಸತು ಬಂತು."

ಹಕೀಮಾಕ ತಲೆಯಾಡಿಸಿದರು. ಮುನ್ನೂರು ಅಂದರೆ ಮುನ್ನೂರೇ. ಆ ವಿಷಯ ಅಲ್ಲಿಗೆ ಮುಗಿಯಿತು.

ಝಕರಿಯಾಕ ಬಗ್ಗಿ ಸ್ಕ್ರೂಡ್ರೈವರ್ ತೂರಿಸಿ ಮೀಟಿದರು. ನಾಣ್ಯ ಟಣ್ ಎಂದು ಅಂಗೈಗೆ ಬಿತ್ತು. ತಿರುಗಿಸಿ ನೋಡಿದವರು ಬಗ್ಗಿದಲ್ಲೇ ಇದ್ದರು, ಏಳಲಿಲ್ಲ. ಸೊಂಟ ಹಿಡಿಯಿತೋ ಎಂದು ನಾನು ಹತ್ತಿರ ಹೋದೆ. ಅಂಗೈಯಲ್ಲಿ ಹತ್ತು ರೂಪಾಯಿ. ಅದರಲ್ಲಿ 1953, 2013. ನಾರಿನ ಮಂಡಳಿ. ನನ್ನ ಕೈಯ ಚಹಾ ಪ್ಯಾಂಟಿನ ಮೇಲೆ ಚೆಲ್ಲಿತು.

"ಇದು ರಿಯಾಲ್ ಅಲ್ಲ ಹಕೀಮಾಕ. ನಮ್ಮೂರ ಹತ್ತು."

"ಓ, ಅದಾ! ಹೊರಡುವ ದಿನ ಎಣ್ಣೆ ಮಿಲ್ಲಿನವ ನನ್ನ ತಲೆಗೆ ಕಟ್ಟಿದ್ದು. ಕೊಡಿ ಇಲ್ಲಿ."

ಕೈ ಚಾಚಿದರು. ಝಕರಿಯಾಕನ ಮುಷ್ಟಿ ತಾನಾಗಿ ಮುಚ್ಚಿತು.

ನೀವು ಕೇಳಬಹುದು, ಇದು ನನಗೆ ಬೇಕು, ಕೊಡಿ ಅನ್ನಲಿಕ್ಕೆ ಏನು ಕಷ್ಟ ಎಂದು. ಮಗಳನ್ನು ಕೊಟ್ಟವರಿಗೆ ಗೊತ್ತು. ಬೀಗರಿಗೆ ಕೊಡುವುದುಂಟು, ಬೀಗರಿಂದ ಕೇಳುವುದಿಲ್ಲ. ಒಂದು ಲೋಟ ನೀರನ್ನೂ ಅವರಾಗಿ ಕೊಟ್ಟರೆ ಕುಡಿಯಬೇಕು. ಝಕರಿಯಾಕ ಕಿಸೆಯಿಂದ ಒಂದು ರಿಯಾಲ್ ತೆಗೆದು ಚಾಚಿದರು.

"ಗಾಡಿಗೆ ರಿಯಾಲೇ ಬೇಕು. ಇದು ತೆಗೊಳ್ಳಿ. ಅದು ಇಲ್ಲೇ ಇರಲಿ."

ಹಕೀಮಾಕ ಎರಡು ಹೆಜ್ಜೆ ಹಿಂದೆ ಸರಿದರು.

"ರಿಯಾಲಿಗೆ ಇಪ್ಪತ್ತರ ಮೇಲಾಯ್ತು. ಹತ್ತು ಕೊಟ್ಟು ಇಪ್ಪತ್ತು ತೆಗೊಳ್ಳುದಾ? ಮೊನ್ನೆ ಉಮ್ರಾ ಮುಗಿಸಿದವ ನಾನು. ಬಡ್ಡಿಯ ಹಾಗೆ ಆಗ್ತದೆ ಅದು, ನನಗೆ ಬೇಡ. ಹತ್ತಕ್ಕೆ ಹತ್ತು ಕೊಟ್ರೆ ತೆಗೊಳ್ತೇನೆ. ಇಲ್ಲದ್ರೆ ನನ್ನದು ನನಗೆ."

ಹತ್ತಕ್ಕೆ ಹತ್ತು! ಹತ್ತರ ನಾಣ್ಯ ಕೊಡಬೇಡಿ ಎಂದು ಬೋರ್ಡು ಹಾಕಿದ ಮನುಷ್ಯನ ಬಾಯಿಂದಲೇ ಬಂದದ್ದು. ನಾನು ಕೂಡಲೇ ಹಿಂದಿನ ಕಿಸೆಗೆ ಕೈ ಹಾಕಿದೆ. ಪರ್ಸಿನಲ್ಲಿ ಊರಿನ ನೋಟಾಗಲಿ ನಾಣ್ಯವಾಗಲಿ ಒಂದೂ ಇರಲಿಲ್ಲ. ಝಕರಿಯಾಕನ ಬಳಿ ಹೆಚ್ಚುವರಿ ನಾಣ್ಯಗಳು ಬೇಕಾದಷ್ಟಿದ್ದವು, ಎಲ್ಲ ರೂಮಿನಲ್ಲಿ. ಕೈಯಲ್ಲಿದ್ದದ್ದು ಮಾತ್ರೆಯ ಪೆಟ್ಟಿಗೆ ಮಾತ್ರ.

ಅವರು ಅದನ್ನು ಹೊರತೆಗೆದರು.

"ಶುಗರಾ?" ಅಂದರು ಹಕೀಮಾಕ, ಕನಿಕರದಿಂದ.

"ಸ್ವಲ್ಪ ಉಂಟು."

ಯೋಗ ದಿನದ್ದು ಕೊಡಿ, ಅದು ಎಲ್ಲಿ ಬೇಕಾದರೂ ಸಿಗುತ್ತದೆ ಎಂದು ನಾನು ತುಳುವಿನಲ್ಲಿ ಪಿಸುಗುಟ್ಟಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಬೆರಳು ಗುರುವಾರದ ಮೇಲೆ ಹೋಯಿತು, ಮಂಗಳವಾರಕ್ಕೆ ಬಂತು, ಕಡೆಗೆ ಭಾನುವಾರ ಬೆಳಿಗ್ಗೆಯ ಮುಚ್ಚಳ ತೆರೆಯಿತು. ನನಗೆ ಅವರ ಕತ್ತು ಹಿಸುಕುವ ಹಾಗಾಯಿತು. ಅದು ಹದಿನೈದು ಗೆರೆಯದ್ದು. ಇದೇ ಮನುಷ್ಯ ಎಣಿಸಿ ವಾಪಸ್ ಕೊಟ್ಟದ್ದು. ಈಗ ಇನ್ನೊಮ್ಮೆ ಎಣಿಸಿದರೆ ನಾರಿನದ್ದೂ ಹೋಗುತ್ತದೆ, ಮಾನವೂ ಹೋಗುತ್ತದೆ.

ಝಕರಿಯಾಕ ಅದನ್ನು ಬೀಗರ ಅಂಗೈಯಲ್ಲಿಟ್ಟರು.

ಹಕೀಮಾಕ ನಾಣ್ಯ ನೋಡಿದರು. ಹೆಬ್ಬೆರಳಿನಿಂದ ಒಮ್ಮೆ ಉಜ್ಜಿದರು. ಕನ್ನಡಕಕ್ಕಾಗಿ ಎದೆಯ ಕಿಸೆ ತಡಕಿದರು. ಕನ್ನಡಕ ಬಸ್ಸಿನಲ್ಲಿತ್ತು.

"ಹತ್ತೇ ಅಲ್ವಾ ಇದು?"

"ಹತ್ತೇ, ಹಕೀಮಾಕ."

"ನೀವು ಹೇಳಿದ ಮೇಲೆ ಆಯ್ತು," ಅಂದರು. ಜುಬ್ಬಾದ ಕಿಸೆಗೆ ಹಾಕಿಕೊಂಡರು.

ನಾನು ಕೂಗಲಿಕ್ಕೆ ಬಾಯಿ ತೆರೆದೆ. ಝಕರಿಯಾಕ ನನ್ನ ಕಾಲು ತುಳಿದರು, ಸೇಫ್ಟಿ ಶೂವಿನಲ್ಲಿ. ಆಮೇಲೆ ಬೀಗರಿಗಾಗಿ ಟ್ರಾಲಿಗೆ ತಾನೇ ಒಂದು ರಿಯಾಲ್ ಹಾಕಿ, ತಾನೇ ತಳ್ಳಿಕೊಂಡು ಒಳಗೆ ಹೋದರು. ಕಣ್ಣಲ್ಲಿ ನೀರಿತ್ತು. ಬಿಸಿಲು ಅಂದರು.

ಸಂಜೆ ಹೋಟೆಲಿನಲ್ಲಿ ನಾನೂ ಜೊತೆಗಿದ್ದೆ. ಬಿರಿಯಾನಿ ಮುಗಿಯಿತು, ಚಹಾ ಬಂತು, ಪೆಟ್ಟಿಗೆ ಹೊರಗೆ ಬರಲೇ ಇಲ್ಲ. ಹಕೀಮಾಕನನ್ನು ಬಸ್ಸು ಹತ್ತಿಸಿ ಬರುವಾಗ ನನ್ನ ಸಿಟ್ಟು ನೆತ್ತಿಗೇರಿತ್ತು. ಒಂದು ವರ್ಷ ನನ್ನ ತಲೆ ತಿಂದದ್ದು ಇದಕ್ಕಾ ಎಂದು ಕೇಳಿದೆ.

"ಇನ್ನು ಎಂತ ತೋರಿಸುದು ದೀಕ್ಷಿತಾ? ಅವರ ಕಿಸೆಯಲ್ಲೇ ಉಂಟಲ್ಲ," ಅಂದರು ಶಾಂತವಾಗಿ.

ರೂಮಿಗೆ ಬಂದು ಶನಿವಾರ ರಾತ್ರಿಯಲ್ಲಿ ನಾರಿನದ್ದನ್ನು ಇಟ್ಟರು. ಭಾನುವಾರ ಬೆಳಿಗ್ಗೆ ಖಾಲಿ. ಮತ್ತೆ ಹದಿಮೂರೇ. ಹದಿನೈದು ಗೆರೆಯದ್ದು ಬೇರೆ ಒಂದು ರೂಮಿನಲ್ಲಿ ನನ್ನ ಸಾಮಾನಿನಲ್ಲೇ ಇತ್ತು, ಕೊಡಲಿಕ್ಕೆ ಹೋದೆ. ಬೇಡ ಅಂದರು. ಆ ಜಾಗ ಆ ನಾಣ್ಯದ್ದೇ ಅಂತೆ. ಖಾಲಿ ಖಾನೆಗೆ ಉಪ್ಪಿನಕಾಯಿ ಬಾಟಲಿಯಿಂದ ಒಂದು ಮಾತ್ರೆ ತೆಗೆದು ಹಾಕಿದರು.

ಎರಡು ವಾರದ ಮೇಲೆ ಮೈಮೂನತ್ ಫೋನು ಮಾಡಿದಳು. ಇವರು ಸ್ಪೀಕರ್ ಹಾಕಿದರು.

"ಉಪ್ಪ, ಮಾವ ಬಂದ ದಿನವೇ ಅಂಗಡಿಯಲ್ಲಿ ಕಿಸೆ ಖಾಲಿ ಮಾಡಿದ್ರು. ಒಂದು ಹತ್ತರ ನಾಣ್ಯ ಇತ್ತು. ಕನ್ನಡಕ ಹಾಕಿ ಗೆರೆ ಎಣಿಸಿದ್ರು. ಮತ್ತೊಮ್ಮೆ ಎಣಿಸಿದ್ರು. ಆಮೇಲೆ ಎದ್ದು ಬೋರ್ಡು ತೆಗೆದ್ರು."

"ಎಂತ ಹೇಳಿದ್ರು?"

"ಎಂತ ಹೇಳುದು? ನಕಲಿ ಅಂತ ಹೇಳಿದ್ರೆ, ಉಮ್ರಾದಲ್ಲಿ ನಕಲಿ ತೆಗೊಂಡದ್ದು ಅವರೇ ಆಗ್ತದಲ್ಲ. ಈಗ ಎಲ್ಲರ ಹತ್ತಿರ ಹತ್ತರ ನಾಣ್ಯ ತೆಗೊಳ್ತಾರೆ. ನಿಮ್ಮ ಪ್ರಿಂಟು ಹುಡುಕಿ ತೆಗೆದು ಗೋಡೆಗೆ ಅಂಟಿಸಿದ್ದಾರೆ. ನಾದಿನಿ ನಿನ್ನೆ ಒಂದು ಮದುವೆಗೆ ನನ್ನ ಬಳೆ ಕೇಳಿ ಹಾಕ್ಕೊಂಡು ಹೋದಳು."

ಝಕರಿಯಾಕ ಮಾತ್ರೆ ಪೆಟ್ಟಿಗೆಯ ಭಾನುವಾರದ ಮುಚ್ಚಳ ತೆರೆದು ಮುಚ್ಚಿದರು. ನಾನು ಆ ಕಡೆ ನೋಡದೆ ಬನಿಯನ್ ಮಡಚತೊಡಗಿದೆ.

"ಆ ನಾಣ್ಯ ಈಗ ಎಲ್ಲಿ ಉಂಟು?" ಎಂದು ಕೇಳಿದರು.

"ಯಾರಿಗೂ ಕೊಡುದಿಲ್ಲ, ಬೇರೆಯೇ ಇಟ್ಟಿದ್ದಾರೆ. ಅವರಿಗೂ ಹುಚ್ಚು ಹಿಡಿದಿದೆ ಉಪ್ಪ. ಅಂಗಡಿಗೆ ಬರುವ ನಾಣ್ಯದಲ್ಲೇ ಹದಿಮೂರು ಸೇರಿಸಿ ಆಯ್ತು. ನಾರಿನದ್ದು ಒಂದು ಇಲ್ಲ, ಕೈಗೆ ಬಂದದ್ದನ್ನು ಜಿದ್ದಾದಲ್ಲಿ ಬಿಟ್ಟು ಬಂದೆ ಅಂತ ಊಟಕ್ಕೆ ಕೂತಲ್ಲೆಲ್ಲ ಹೇಳ್ತಾರೆ."

ಈಗ ವಿಟ್ಲದಲ್ಲಿ ಹದಿಮೂರು, ಶರಫಿಯಾದಲ್ಲಿ ಹದಿಮೂರು. ಅವರಿಗೆ ಬೇಕಾದದ್ದು ಇವರ ಪೆಟ್ಟಿಗೆಯಲ್ಲಿ, ಇವರಿಗೆ ಬೇಕಾದದ್ದು ಅವರ ಅಂಗಡಿಯಲ್ಲಿ. ಪ್ರತಿ ಶುಕ್ರವಾರ ಇಬ್ಬರೂ ಫೋನಿನಲ್ಲಿ ಅರ್ಧ ಗಂಟೆ ಮಾತಾಡುತ್ತಾರೆ. ಮಳೆ ಬಂತಾ, ಶುಗರ್ ಎಷ್ಟು, ಮೀನಿಗೆ ಏನು ರೇಟು. ನಾಣ್ಯದ ಮಾತು ಮಾತ್ರ ಒಬ್ಬರೂ ಎತ್ತುವುದಿಲ್ಲ. ಬೀಗರಲ್ಲವೇ, ಕೇಳುವುದು ಹೇಗೆ.